ಕಪ್ಪು ಒಂದು, ಬಿಳಿ ಒಂದು

ಸಿಂದಗಿ
18 ನವೆಂಬರ್ 2024

ಸಂಗಣ್ಣಗ ಭುವನೇಶ್ವರಿಯ ನಮಸ್ಕಾರ.

ಇಷ್ಟು ವರ್ಷ ಬಿಟ್ಟು ಈಗ್ಯಾಕ ಕಾಗದ ಬರದ್ಳು ಅಂತ ಪಾಕೀಟು ತಿರುವಿ ಮುರುವಿ ನೋಡಬ್ಯಾಡ. ಕೆಲಸ ಐತಿ, ಅದಕ್ಕ ಬರದೇನಿ. ನೀ ಪುಣೆ ಬಿಟ್ಟು ಬಾಗೇವಾಡಿಗೆ ಬಂದು ಎರಡು ವರ್ಷ ಆತು, ಅರಿವಿ ಅಂಗಡಿ ಮ್ಯಾಲಿನ ಖೋಲಿಯೊಳಗ ಹುಡುಗ್ರಿಗೆ ಪಿಯಾನೋ ಕಲಸ್ತಿ ಅಂತ ನಿಮ್ಮ ಅಕ್ಕ ವಿಜಯಲಕ್ಷ್ಮಿ ಹೇಳಿದ್ಲು. ವಿಳಾಸನೂ ಅಕಿನ ಕೊಟ್ಲು. ನಿಮ್ಮಪ್ಪನ ಮುಂದ ಅಲ್ಲ, ಅಡಗಿಮನ್ಯಾಗ ನಿಂತು ಕೊಟ್ಲು.

ನಾ ಇಲ್ಲೆ ಒಂದು ವಸತಿ ಸಾಲಿಯೊಳಗ ಸಂಗೀತ ಟೀಚರ್ ಆಗೇನಿ. ಪ್ರಾರ್ಥನಾ, ವಚನ, ಹಾರ್ಮೋನಿಯಂ ಪೇಟಿ ಇಷ್ಟ ಇತ್ತು. ಈ ವರ್ಷ ಸಾಲಿಯವ್ರು ಒಂದು ಡಿಜಿಟಲ್ ಪಿಯಾನೋ ತಂದು ಇಟ್ಟಾರ. ಅದನ್ನ ಕಲಸೋರಿಗೆ ಪಾಶ್ಚಾತ್ಯ ಸಂಗೀತದ ಸರ್ಟಿಫಿಕೇಟ್ ಬೇಕಂತ. ಜನವರಿಯೊಳಗ ನಾ ಪಾಸಾಗದಿದ್ರ ವಿಜಯಪುರದಿಂದ ಯಾರನ್ನರೆ ತರತಾರ, ನನಗ ಮುಂಜಾನೆ ಪ್ರಾರ್ಥನಾ ಒಂದ ಉಳೀತದ.

ಪರೀಕ್ಷೆಗೆ ಒಂದು ಸೊನಾಟಾದ ಮೊದಲನೇ ಭಾಗ ಕೊಟ್ಟು, ಇದನ್ನ ಬಿಡಿಸಿ ಬರೀರಿ ಅಂದಾರ. ಇನ್ನೂರು ವರ್ಷಕ್ಕೂ ಹಿಂದಿಂದು, ಯುರೋಪಿನ ಕಡೇದು. ಎಲ್ಲೆರೆ ನೋಡಿ ಬರದಾರು ಅಂತ ಬರದಾಂವನ ಹೆಸರು ತಗದು ಕೊಟ್ಟಾರ. ಗೆರಿ ಮ್ಯಾಲಿನ ಸ್ವರ ಓದೂದು ಯೂಟ್ಯೂಬ್ ನೋಡಿ ಕಲತೇನಿ. ಇದು ಸಿ ಮೇಜರ್, ಅಂದ್ರ ನಮ್ಮ ಪೇಟಿಯ ಬಿಳಿ ಒಂದು ಇದರ ಸಾ. ಸಣ್ಣಾಕಿದ್ದಾಗಿಂದ ನಿಮ್ಮಪ್ಪನ ಕಡೆ ಕಲತ ನನ್ನ ಕಿವಿಗೆ ಗುರುಗಳ ಕಪ್ಪು ಒಂದು, ಅಂದ್ರ ಅರ್ಧಾ ಮನಿ ಮ್ಯಾಲಿನ ಸಾ, ಕುಂತುಬಿಟ್ಟದ. ಅದಕ್ಕ ಪಿಯಾನೋದ ಬಟನ್ ಒತ್ತಿ ಎಲ್ಲಾ ಸ್ವರ ಅರ್ಧಾ ಮನಿ ಮ್ಯಾಲ ಏರಿಸಿ, ಬಾಜೂಕ ಫೋನಿನ್ಯಾಗ ತಂಬೂರಿ ಹಚ್ಚಿ ಕುಂತೆ.

ನನಗ ತಿಳದದ್ದು ಹಿಂಗ: ಮೊದಲನೇ ಧಾಟಿ ಬಿಲಾವಲ ರಾಗ, ಎಲ್ಲಾ ಶುದ್ಧ ಸ್ವರ. ಎರಡನೇ ಧಾಟಿಗೆ ತೀವ್ರ ಮಧ್ಯಮ ಬರ್ತದ, ಅಂದ್ರ ಯಮನ್ ಆತು. ನಡುವ ಎಲ್ಲಾ ಗೊಂದಲ. ಕಡೀಕ ಬಿಲಾವಲ. ಇದು ಬರೋಬ್ಬರಿ ಐತೇನು? ಸ್ವರದ ಹಾಳಿ ಇಟ್ಟೇನಿ, ಪೆನ್ಸಿಲ್ ಹಚ್ಚಿ ಹೊಳ್ಳಿ ಕಳಸು.

ಫೋನ್ ಮಾಡಬಹುದಿತ್ತು. ಮಾಡಿದ್ರ ಮೂರನೇ ಮಾತಿಗೆ ಗುರುಗಳ ಸುದ್ದಿ ಬರ್ತದ, ನೀ ಫೋನ್ ಇಡ್ತಿ. ಕಾಗದದಾಗ ಆ ಸುದ್ದಿ ತಗಿಯಂಗಿಲ್ಲ.

ನಿನ್ನ ತಂಗಿ,
ಭುವನಾ


ಬಸವನ ಬಾಗೇವಾಡಿ
24 ನವೆಂಬರ್ 2024

ಭುವನೇಶ್ವರಿ ಅವರಿಗೆ,

ನಿಮ್ಮ ಪತ್ರ ಮತ್ತು ಸ್ವರದ ಹಾಳೆಗಳು ತಲುಪಿದವು.

ಮೊದಲು ಆ ಬಟನ್ ಮತ್ತೆ ಒತ್ತಿ ಬಿಳಿ ಒಂದಕ್ಕೆ ಇಳಿಸಿ. ಕೃತಿಯನ್ನು ಯಾವ ಮನೆಯಲ್ಲಿ, ಅಂದರೆ ಯಾವ ಸಾ ಹಿಡಿದು, ಬರೆದಿದ್ದಾರೋ ಅಲ್ಲಿಯೇ ಕೇಳಬೇಕು. ಎರಡನೆಯದು, ತಂಬೂರಿ ಬಂದ್ ಮಾಡಿ. ತಂಬೂರಿ ನುಡಿಯುತ್ತಿರುವಷ್ಟು ಹೊತ್ತು ನಿಮಗೆ ಸಾ ಕದಲಿದ್ದು ಗೊತ್ತಾಗುವುದಿಲ್ಲ. ಈ ಸಂಗೀತದಲ್ಲಿ ಸಾ ಕದಲುತ್ತದೆ. ಅದೇ ಇದರ ಕಥೆ.

ನೀವು ಯಮನ್ ಎಂದದ್ದು ಯಮನ್ ಅಲ್ಲ. ಎರಡನೆಯ ಧಾಟಿ ಬರುವಷ್ಟರಲ್ಲಿ ಪಂಚಮವೇ ಹೊಸ ಸಾ ಆಗಿರುತ್ತದೆ. ನೀವು ಕೇಳಿದ ತೀವ್ರ ಮಧ್ಯಮ ಆ ಹೊಸ ಸಾದ ನಿಷಾದ, ಅಷ್ಟೇ. ಮೊದಲ ಧಾಟಿ ಒಂದು ಮನೆಯಲ್ಲಿ, ಎರಡನೆಯದು ಇನ್ನೊಂದು ಮನೆಯಲ್ಲಿ. ನಡುವಿನ ಭಾಗದಲ್ಲಿ ಯಾವ ಮನೆಯೂ ಖಾಯಂ ಅಲ್ಲ. ಕೊನೆಯ ಭಾಗದಲ್ಲಿ ಮೊದಲಿನ ಎರಡೂ ಧಾಟಿ ತಿರುಗಿ ಬರುತ್ತವೆ, ಮತ್ತು ಹೊರಗೆ ಹೋಗಿದ್ದ ಎರಡನೆಯ ಧಾಟಿಯೂ ಮೊದಲಿನ ಸಾ ಮೇಲೆ ಬಂದು ನಿಲ್ಲುತ್ತದೆ. ಸೊನಾಟಾದ ಮೊದಲ ಭಾಗಗಳ ನಡೆ ಬಹುತೇಕ ಇದು.

ಸಾ ಕದಲುವ ಜಾಗಗಳಿಗೆ ಗೆರೆ ಎಳೆದಿದ್ದೇನೆ. ತಂಬೂರಿ ಇಲ್ಲದೆ ಕೇಳಿ, ನಿಮಗೇ ತಿಳಿಯುತ್ತದೆ.

ಸಂಗಮೇಶ


ಸಿಂದಗಿ
2 ಡಿಸೆಂಬರ್ 2024

ಸಂಗಣ್ಣ,

ಇಷ್ಟು ಇಸ್ತ್ರಿ ಮಾಡಿದ ಕನ್ನಡ ಎಲ್ಲಿ ಸಿಕ್ತಪಾ ನಿನಗ? ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತು ಒಂದ ತಾಟಿನ್ಯಾಗ ಶೇಂಗಾ ತಿಂದಾಕಿ ನಾ. "ನಿಮ್ಮ ಪತ್ರ" ಅಂದ್ರ ಯಾರಿಗೆ ಬರದಿದಿ ಅಂತ ಹಿಂದ ನೋಡಿದೆ.

ತಂಬೂರಿ ಬಂದ್ ಮಾಡಿ ಕೇಳಿದೆ. ಮೊದಲ ಎರಡು ದಿನ ಮನ್ಯಾಗ ಕರೆಂಟ್ ಹೋದಂಗಾತು, ಎಲ್ಲಿ ಕೈ ಇಡಬೇಕು ತಿಳೀಲಿಲ್ಲ. ಮೂರನೇ ದಿನ ಎರಡನೇ ಧಾಟಿ ಬರೂ ಹೊತ್ತಿಗೆ ಪಂಚಮ ತಾನ ಸಾ ಆಗಿ ಕುಂತುಬಿಡ್ತು. ಖರೆ ಹೇಳ್ತೇನಿ, ಖುಷಿನೂ ಆತು, ಅಂಜಿಕಿನೂ ಆತು. ನಾವು ಕಲತದ್ದೆಲ್ಲಾ ಸಾ ಹಿಡಕೊಂಡು ಕುಂದರೂದು. ಸಾ ಬಿಟ್ಟಾಂವ ಕೆಟ್ಟ ಅಂತ ನಮಗ ಹೇಳಿದ್ದು.

ಈಗ ಎರಡು ಪ್ರಶ್ನೆ. ಸಾ ಸರದು ಹೋದ ಮ್ಯಾಲ ಆ ಹಳೇ ಸಾ ಏನಾಗ್ತದ? ಅದಕ್ಕ ಹೊಸ ಮನಿಯೊಳಗ ಏನರೆ ಹೆಸರೈತೋ, ಇಲ್ಲಾ ಬಿಟ್ಟ ಬಿಡ್ತಾರೋ? ಎರಡನೇದು ಎಡಗೈದು. ಮೊದಲಿಂದ ಕಡೀತನಕ ಅದು ಬಲಗೈ ಕೆಳಗ ಓಡಾಡ್ತನ ಇರ್ತದ. ಅದು ಚಾಕರಿ ಮಾಡ್ತದೋ, ಸಂಸಾರ ಮಾಡ್ತದೋ?

ನಡುವಿನ ಭಾಗ ಇನ್ನಾ ನನಗ ದಕ್ಕಿಲ್ಲ. ಸಾಲಿಯವ್ರು ಎರಡು ಸರ್ತಿ ಕೇಳಿದ್ರು, "ಟೀಚರ, ಆಗ್ತದಲ್ಲ?" ಅಂತ. ಆಗ್ತದ್ರಿ ಅಂದೇನಿ. ನನ್ನ ಮಾನ ನಿನ್ನ ಕೈಯಾಗ ಐತಿ.

ಭುವನಾ


ಬಸವನ ಬಾಗೇವಾಡಿ
7 ಡಿಸೆಂಬರ್ 2024

ಭುವನಾ,

ಇಸ್ತ್ರಿ ಬಿಟ್ಟೇನಿ. ಇಪ್ಪತ್ತು ವರ್ಷ ಪುಣೆಯೊಳಗ ಮರಾಠಿ ಮಾತಾಡಿ, ಕನ್ನಡ ಬರೀಬೇಕಂದ್ರ ಸಾಲಿ ಪುಸ್ತಕದ್ದ ನೆನಪಾಗ್ತದ.

ಹಳೇ ಸಾದ ಪ್ರಶ್ನೆ ನನಗ ಯಾರೂ ಕೇಳಿದ್ದಿಲ್ಲ. ಅಲ್ಲಿ ಹುಡುಗ್ರು ಸಾ ಎಲ್ಲಿಗೆ ಹೋತು ಅಂತ ಕೇಳ್ತಿದ್ರು, ಹಿಂದ ಉಳದದ್ದು ಏನಾತು ಅಂತ ಒಬ್ಬರೂ ಕೇಳಲಿಲ್ಲ. ಹಳೇ ಸಾ ಹೊಸ ಮನಿಯೊಳಗ ಮಧ್ಯಮ ಆಗ್ತದ. ಬಿಟ್ಟು ಬಿಡಂಗಿಲ್ಲ. ಆದ್ರ ಅದಕ್ಕ ಮೊದಲಿನ ಯಜಮಾನ್ಕಿ ಇರೂದಿಲ್ಲ, ಸಾಲಿನ್ಯಾಗ ಒಬ್ಬ ಆಗಿ ನಿಂದರ್ತದ. ಮತ್ತೊಂದು ನೋಡು: ಎರಡನೇ ಧಾಟಿಯೊಳಗ ಆ ಸ್ವರದ ಮ್ಯಾಲ ಬರದಾಂವ ಎಲ್ಲೂ ಭಾಳ ಹೊತ್ತು ನಿಂತಿಲ್ಲ. ಮುಟ್ಟಿ ಮುಟ್ಟಿ ಮುಂದಕ್ಕ ಹೋಗ್ಯಾನ. ನಿಂತ್ರ ಮನಿ ನೆನಪಾಗ್ತದಂತ ಇರಬೇಕು. ಇದನ್ನ ಪರೀಕ್ಷಾದಾಗ ಬರೀಬ್ಯಾಡ, ಮಾರ್ಕ್ಸ್ ಕೊಡಂಗಿಲ್ಲ.

ಎಡಗೈ ಶುರುವಿನಾಗ ಚಾಕರಿನ ಮಾಡ್ತದ. ಮೂರು ಸ್ವರ ಒಡದು ಒಡದು ಬಾರಿಸಿ ಬಲಗೈಗೆ ನೆಲಾ ಹಾಸಿ ಕೊಡ್ತದ. ನಡುವಿನ ಭಾಗದಾಗ ಬಲಗೈಯಾಗಿದ್ದ ಓಟ ಎಡಗೈಗೆ ಬರ್ತದ, ಬಲಗೈ ಮ್ಯಾಲ ಸುಮ್ಮ ತಾಳ ಹಿಡೀತದ. ಅಲ್ಲಿ ಸಂಸಾರ. ಇದನ್ನ ಬರಿ, ಇದಕ್ಕ ಮಾರ್ಕ್ಸ್ ಐತಿ.

ಇದನ್ನೆಲ್ಲಾ ಬರಿಯೂದರಾಗ ಚಹಾ ಆರಿ ಹೋತು. ಇಂಥಾವು ಇನ್ನಾ ಇದ್ರ ಕೇಳು.

ಸಂಗಣ್ಣ


ಸಿಂದಗಿ
16 ಡಿಸೆಂಬರ್ 2024

ಸಂಗಣ್ಣ,

ನಡುವಿನ ಭಾಗ ದಾಟಿದೆ. ನೀ ಅಂದಂಗ ಅಲ್ಲಿ ಯಾವ ಸಾನೂ ಖಾಯಂ ಇಲ್ಲ, ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ. ಆಮ್ಯಾಲ ಮೊದಲನೇ ಧಾಟಿ ಹೊಳ್ಳಿ ಬಂತು. ಕೇಳಿದ ಕೂಡ್ಲೆ ಗುರುತು ಹಿಡದು, ಹಾಳಿ ಮ್ಯಾಲ ದೊಡ್ಡದಾಗಿ "ಮನಿ ಬಂತು" ಅಂತ ಬರದೆ. ಕಡೀ ಭಾಗ ಇಲ್ಲಿಂದ ಶುರು ಅಂತ ಪರೀಕ್ಷಾದ್ದೂ ಕರಡು ಬರದಿಟ್ಟೆ.

ಆದ್ರ ಒಂದು ಸಂಶಯ. ಧಾಟಿ ಅದ, ನಡಿಗಿ ಅದ, ಅಂಗಿನೂ ಅದ. ಆದ್ರೂ ಬಂದಂಗ ಅನಸಂಗಿಲ್ಲ. ಅಲ್ಲಿ ಕೋಮಲ ನಿಷಾದ ಇಣುಕಿ ನೋಡ್ತದ, ಖಮಾಜ ರಾಗ ಬಂದಂಗ. ಮನಿಗೆ ಬಂದಾಂವ ಅಂಗಳದಾಗ ಯಾಕ ನಿಂತಾನ? ಒಳಗ್ಯಾಕ ಬರವಲ್ಲ? ಇಷ್ಟ ಹೇಳು.

ಚಳಿ ಭಾಳ ಐತಿ ಇಲ್ಲಿ. ಹಾಸ್ಟೆಲಿನ ಹುಡುಗ್ರು ಪಿಯಾನೋ ಮ್ಯಾಲಿನ ಅರಿವಿ ತಗದು ಹೊಚಗೊಂಡು ಕುಂದರ್ತಾವು.

ಭುವನಾ


ಬಸವನ ಬಾಗೇವಾಡಿ
21 ಡಿಸೆಂಬರ್ 2024

ಭುವನಾ,

"ಮನಿ ಬಂತು" ಅನ್ನೂದನ್ನ ಅಳಿಸು. ಕಡೀ ಭಾಗ ಅಲ್ಲಿಂದ ಶುರು ಅನ್ನೂದು ಖರೆ, ಆದ್ರ ಮೊದಲನೇ ಧಾಟಿ ಬಂದದ್ದು ಸಾದಾಗ ಅಲ್ಲ, ಮಧ್ಯಮದಾಗ. ಅಪರೂಪಕ್ಕ ಕೆಲವರು ಹಿಂಗ ಬರದಾರ. ಧಾಟಿ ಗುರುತಿಂದಾದ್ರೂ ಮನಿ ಬ್ಯಾರೆ, ನಿನಗ ಕೇಳಿಸಿದ ಕೋಮಲ ನಿಷಾದ ಅದರದ. ಅದಾದ ಮ್ಯಾಲ ಒಂದು ಸಣ್ಣ ಹಾದಿ ಐತಿ, ಹಾದಿ ಕಡೀಕ ಎಡಗೈ ಪಂಚಮದ ಮ್ಯಾಲ ಗಟ್ಟಿ ನಿಂದರ್ತದ. ಮುಂದ ಎರಡನೇ ಧಾಟಿ ಮೊದಲಿನ ಸಾ ಮ್ಯಾಲ ಬರ್ತದ. ಖರೆ ಮನಿ ಬರೂದು ಅಲ್ಲಿ, ಎರಡನೇ ಧಾಟಿಯೊಳಗ.

ಈಗ ನಾ ಒಂದು ಕೇಳ್ತೇನಿ. "ಚಾಕರಿ ಮಾಡ್ತದೋ ಸಂಸಾರ ಮಾಡ್ತದೋ" ಇದು ನಿನ್ನ ಮಾತಲ್ಲ. ಪೇಟಿ ಬಾರಸೋರಿಗೆ ಅಪ್ಪ ಬೈತಿದ್ದದ್ದು ಇದು: ಪೇಟಿ ಚಾಕರಿ ಮಾಡಬೇಕು, ಸಂಸಾರ ಮಾಡಬಾರದು. ಹೋದ ಸರ್ತಿನ ನನಗ ತಿಳೀತು. ತಿಳದೂ ಎರಡು ಹಾಳಿ ಉತ್ತರ ಬರದೆ. ಅಂಗಳದ ಮಾತೂ ಅವಂದ. ನೀ ಪರೀಕ್ಷಾ ಅಂತ ಸುಳ್ಳ ಹೇಳಿ ನನ್ನ ಕಡಿಂದ ಬರಸಾಕತ್ತಿದಿಯೇನು?

ನಿನಗ ನೆನಪೈತಿ, ನೀ ಅಲ್ಲೇ ಇದ್ದಿ. ಪುಣೆಯಿಂದ ಮೊದಲನೇ ಸರ್ತಿ ಕೀಬೋರ್ಡ್ ತಗೊಂಡು ತಾಳಿಕೋಟಿ ಮನಿಗೆ ಬಂದಿದ್ದೆ. ಪಡಸಾಲಿ ತುಂಬ ಮಂದಿ. ನಾ ಬಿಳಿ ಒಂದರ ಮ್ಯಾಲ ಬಾರಿಸಾಕ ಚಾಲೂ ಮಾಡಿದೆ, ಅಪ್ಪ ತಂಬೂರಿ ತಗೊಂಡು ಕಪ್ಪು ಒಂದು ಮೀಟಾಕ ಹತ್ತಿದ. ನಿಲ್ಲಿಸ್ತಾನ, ಈಗ ನಿಲ್ಲಿಸ್ತಾನ ಅಂತ ಬಾರಿಸ್ತ ಹೋದೆ. ನಿಲ್ಲಿಸಲಿಲ್ಲ. ನನ್ನ ಹಾಡು ಆ ಅಪಸ್ವರದಾಗ ಮುಳುಗಿ ಹೋತು, ಮಂದಿ ನಕ್ರು. "ಸಾ ಬಿಟ್ಟು ಹೋದಾಂವಗ ನನ್ನ ಮನ್ಯಾಗ ಸಾ ಸಿಗಂಗಿಲ್ಲ" ಅಂದ. ಅವತ್ತ ಮನಿ ಬಿಟ್ಟೆ.

ಅವನ ಕೇಳಿಸ್ತಿದ್ರ ನೇರ ಹೇಳು.

ಸಂಗಮೇಶ


ಸಿಂದಗಿ
27 ಡಿಸೆಂಬರ್ 2024

ಸಂಗಣ್ಣ,

ಪರೀಕ್ಷಾ ಸುಳ್ಳಲ್ಲ. ನೌಕರಿದೂ ಸುಳ್ಳಲ್ಲ. ಉಳದದ್ದು ಹೇಳ್ತೇನಿ.

ನಾ ಈಗೂ ರವಿವಾರಕ್ಕೊಮ್ಮಿ ಪಾಠಕ್ಕ ತಾಳಿಕೋಟಿಗೆ ಹೋಗ್ತೇನಿ. ದೀಪಾವಳಿ ಆದ ಮ್ಯಾಲ ಒಂದಿನ ಅಲ್ಲೇ ಕಟ್ಟಿ ಮ್ಯಾಲ ಕುಂತು ಫೋನಿನ್ಯಾಗ ಪರೀಕ್ಷಾದವ್ರು ಕಳಿಸಿದ ಈ ಸೊನಾಟಾ ಕೇಳಾಕತ್ತಿದ್ದೆ. ಗುರುಗಳು ಒಳಗಿಂದ ಕೇಳಿದ್ರು, "ಸಂಗ್ಯಾ ಬಾರಸೂದೈತೇನು ಅದು?" ಅಲ್ರಿ, ಯಾರೋ ಹೊರದೇಶದವ್ರು ಅಂದೆ. ಬಾಗಲತನಕ ಬಂದು, "ಮತ್ತೊಮ್ಮಿ ಹಚ್ಚು" ಅಂದ್ರು. ಪರೀಕ್ಷಾದ ಸುದ್ದಿ ಹೇಳಿದೆ. "ಸಂಗ್ಯಾನ್ನ ಕೇಳು, ಅವಗ ಗೊತ್ತಿರ್ತದ. ನಾ ಅಂದೆ ಅನಬ್ಯಾಡ" ಅಂದ್ರು. ಹಳೇ ಸಾದ ಪ್ರಶ್ನೆ ಅವರದು. ಎಡಗೈದು ಅವರದು. ಅಂಗಳದಾಗ ಯಾಕ ನಿಂತಾನ ಅನ್ನೂದೂ ಅವರದ. ನಾ "ಮನಿ ಬಂತು" ಅಂತ ಬರದದ್ದು ತೋರಿಸಿದ್ರ, "ಎಲ್ಲಿ ಬಂದಾನ? ಇನ್ನಾ ಬಂದಿಲ್ಲ ಅಂವ" ಅಂದ್ರು.

ನಿನ್ನ ಕಾಗದ ಬಂದ ರವಿವಾರ ಓದಿ ಹೇಳ್ತೇನಿ. ಹಳೇ ಸಾ ಹೊಸ ಮನಿಯೊಳಗ ಮಧ್ಯಮ ಆಗ್ತದ ಅಂತ ಓದಿದಾಗ ಎದ್ದು ಹಿತ್ತಲಕ್ಕ ಹೋದ್ರು. ಹೊಳ್ಳಿ ಬಂದು "ಮುಂದ ಓದು" ಅಂದ್ರು. ಹೋದ ಕಾಗದ ಓದಿಲ್ಲ, ಓದೂದೂ ಇಲ್ಲ.

ಅವತ್ತಿಂದು ನನಗ ನೆನಪೈತಿ. ಗುರುಗಳು ಮಾಡಿದ್ದು ತಪ್ಪು. ನನಗ ಆವಾಗ ಭಾಳ ಕೆಟ್ಟ ಅನಿಸಿತ್ತು, ನನ್ನ ವಯಸ್ಸಿಗೆ ಬಾಯಿ ಬರಲಿಲ್ಲ. ಅವರಿಗೆ ತಪ್ಪು ಅನಿಸೇತೋ ಇಲ್ಲೋ, ಬಾಯಿ ಬಿಟ್ಟು ಹೇಳಿಲ್ಲ. ನಾ ಸುಳ್ಳ ಯಾಕ ಹೇಳಲಿ?

ಆದ್ರ ನಿನಗೂ ಒಂದು ಹೇಳೂದೈತಿ, ಸಿಟ್ಟು ಬಂದ್ರ ಬರಲಿ. ಪುಣೆ ಬಿಟ್ಟು ಬಂದಿ, ಬಾಗೇವಾಡಿಯೊಳಗ ಮನಿ ಹಿಡದಿ. ವಾರಕ್ಕೊಮ್ಮಿ ಮುದ್ದೇಬಿಹಾಳಕ್ಕ ಕ್ಲಾಸ್ ಹೇಳಾಕ ಬರ್ತಿಯಂತ. ಅಲ್ಲಿ ತಾಳಿಕೋಟಿ ಬಸ್ ನಿನ್ನ ಕಣ್ಣ ಮುಂದ ನಿಂದರ್ತದ. ಹತ್ತಂಗಿಲ್ಲ, ಹೊಳ್ಳಿ ಹೋಗ್ತಿ. ನೀನೂ ಮಧ್ಯಮಕ್ಕ ಬಂದು ನಿಂತಿದಿ ಸಂಗಣ್ಣ. ಎಲ್ಲಾರೂ ಬಂದ ಅಂತಾರ. ನಿಮ್ಮಪ್ಪ ಒಬ್ಬರ ಇನ್ನಾ ಬಂದಿಲ್ಲ ಅಂತಾರ.

ಭುವನಾ


ಸಿಂದಗಿ
13 ಜನವರಿ 2025

ಸಂಗಣ್ಣ,

ಎರಡು ವಾರ ದಾಟ್ತು, ನಿನ್ನ ಕಾಗದಿಲ್ಲ. ಗುರುಗಳು ಎರಡು ರವಿವಾರ "ಬಂತೇನು?" ಅಂದ್ರು. ಟಪಾಲಿನ್ಯಾಗ ತಡ ಆಗೇತ್ರಿ ಅಂದೆ. ಅವರು ನಂಬಿಲ್ಲ, ನನಗ ಗೊತ್ತೈತಿ.

ನಾ ಬರದದ್ದು ಕಳಿಸಿದೆ. ಮಧ್ಯಮದಾಗ ಬಂದದ್ದು, ಪಂಚಮದ ಮ್ಯಾಲ ನಿಂತದ್ದು, ಎಲ್ಲಾ ನಿನ್ನ ಮಾತಿನಂಗ ಬರದೇನಿ. ಶನಿವಾರ ವಿಜಯಪುರದಾಗ ಬಾಯಿ ಪರೀಕ್ಷಾ ಐತಿ.

ಈ ಸರ್ತಿ ಪ್ರಶ್ನೆ ನಂದಲ್ಲ, ಮುಚ್ಚಿ ಇಟ್ಟೂ ಇಲ್ಲ. ನಿನ್ನೆ ಗುರುಗಳು ಹೇಳಿದ್ದು ಅವರ ಮಾತಿನ್ಯಾಗ ಬರೀತೇನಿ: "ಅಂವ ಬಂದು ಬಾರಿಸಿದ್ರ ನಾ ತಂಬೂರಿ ಹಿಡೀತೇನಿ. ಸಾ ಇದ್ದಲ್ಲಿ ಮೀಟ್ತೇನಿ, ಸಾ ಸರದಲ್ಲಿ ಕೈ ಎತ್ತತೇನಿ. ಎಲ್ಲಿ ಎತ್ತಬೇಕು, ಎಲ್ಲಿ ಇಡಬೇಕು, ಗುರುತು ಹಾಕಿ ಕಳಸಂತ ಹೇಳು. ಈ ವಯಸ್ಸಿನ್ಯಾಗ ತಪ್ಪು ಜಾಗಾದಾಗ ಕೈ ಇಟ್ಟು ಮತ್ತ ಅವನ ಹಾಡು ಕೆಡಸೂದು ಬ್ಯಾಡ."

"ಮತ್ತ" ಅಂದ್ರು ಸಂಗಣ್ಣ. ನಾ ಕಿವಿಯಾರೆ ಕೇಳೇನಿ.

ಹಾಳಿ ಇಟ್ಟೇನಿ. ಎಳ್ಳುನೂ ಇಟ್ಟೇನಿ, ವಿಜಯಕ್ಕ ಕೊಟ್ಟದ್ದು.

ಭುವನಾ


ಬಸವನ ಬಾಗೇವಾಡಿ
20 ಜನವರಿ 2025

ಭುವನಾ,

ನಿನ್ನ ಮ್ಯಾಲ ಸಿಟ್ಟು ಬಂದಿತ್ತು, ಬರೀಲಿಲ್ಲ. ಸಿಟ್ಟು ಬಂದದ್ದು ನೀ ಹೇಳಿದ್ದು ಸುಳ್ಳಂತ ಅಲ್ಲ.

ಹೋದ ವಾರ ಮುದ್ದೇಬಿಹಾಳದಾಗ ಕ್ಲಾಸ್ ಮುಗಿಸಿ ತಾಳಿಕೋಟಿ ಬಸ್ ಹತ್ತಿ ಕುಂತೆ. ಬಸ್ ಬಿಡೂ ಮುಂದ ಇಳದೆ. ಕಂಡಕ್ಟರ್ "ಏನ್ರಿ ಸರ, ಬಸ್ ತಪ್ಪಿ ಹತ್ತಿದ್ರೇನು?" ಅಂದ. ಹೌದಂದೆ. ಮನಿಗೆ ಬಂದ್ರ ನಿನ್ನ ಪಾಕೀಟು ಬಾಗಲದಾಗ ಬಿದ್ದಿತ್ತು.

ಗುರುತು ಹಾಕೇನಿ. ಕೆಂಪು ಬಂದಲ್ಲಿ ಕೈ ಎತ್ತೂದು, ನೀಲಿ ಬಂದಲ್ಲಿ ಇಡೂದು. ಎರಡನೇ ಧಾಟಿ ಶುರು ಆಗೂ ಮುಂಚೆ ಕೆಂಪು. ನಡುವಿನ ಭಾಗ ಪೂರಾ ಕೆಂಪು. ಮೊದಲನೇ ಧಾಟಿ ಹೊಳ್ಳಿ ಬಂದಾಗೂ ಕೆಂಪ, ಅದು ಮಧ್ಯಮ, ಅಲ್ಲಿ ಮೋಸ ಹೋಗಬಾರದು. ಎಡಗೈ ಪಂಚಮದ ಮ್ಯಾಲ ನಿಂತಲ್ಲಿ ತಂಬೂರಿಯ ಮೊದಲನೇ ತಂತಿ ಒಂದ ಮೀಟಿದ್ರ ಸಾಕು, ಅದು ಹ್ಯಾಂಗೂ ಪಂಚಮನ ಐತಿ. ಇದು ನನಗ ಗುರುತು ಹಾಕೂ ಹೊತ್ತಿಗೆ ಹೊಳೀತು. ಇಷ್ಟು ವರ್ಷ ಸೊನಾಟಾ ಕಲಿಸೇನಿ, ತಂಬೂರಿಯ ಮೊದಲನೇ ತಂತಿ ಅಂತ ಹೊಳದಿದ್ದಿಲ್ಲ. ಆಮ್ಯಾಲ ಎರಡನೇ ಧಾಟಿ ಬಂದ ಕೂಡ್ಲೆ ನೀಲಿ, ನಾಕೂ ತಂತಿ, ಕಡೀತನಕ.

ಫೆಬ್ರವರಿ ಎರಡು, ರವಿವಾರ ಬರ್ತೇನಿ. ಕೀಬೋರ್ಡ್ ನಂದ ತರ್ತೇನಿ. ಅಪ್ಪನ ಸಲುವಾಗಿ ಒಂದು ತಯಾರಿನೂ ಮಾಡ್ಕೊಂಡೇನಿ, ಅದನ್ನ ಅಲ್ಲಿ ಬಂದ ಮ್ಯಾಲ ತೋರಸ್ತೇನಿ. ನೀ ಇರಬೇಕು.

ಸಂಗಣ್ಣ


ಸಿಂದಗಿ
27 ಜನವರಿ 2025

ಸಂಗಣ್ಣ,

ಪಾಸಾದೆ. ಬಾಯಿ ಪರೀಕ್ಷಾದಾಗ ಮೇಡಂ ಒಬ್ಬರು ಕೇಳಿದ್ರು, "ಮೊದಲನೇ ಧಾಟಿ ತಿರುಗಿ ಬಂದಾಗ ನಿಮಗ ಏನನಿಸ್ತು?" ಅಂಗಳದಾಗ ನಿಂತಂಗ ಅನಿಸ್ತ್ರಿ ಅಂದೆ. ನಕ್ರು. ಮತ್ತೊಬ್ಬರು ನಗಲಿಲ್ಲ, ಆದ್ರ ಬರಕೊಂಡ್ರು. ಪಿಯಾನೋದ ಕೀಲಿ ಈಗ ನನ್ನ ಹತ್ರ ಐತಿ.

ರವಿವಾರ ನಾ ಬರಂಗಿಲ್ಲ. ಹಾಸ್ಟೆಲ್ ಡ್ಯೂಟಿ ಐತಿ ಅಂತ ಗುರುಗಳಿಗೆ ಹೇಳೇನಿ. ಡ್ಯೂಟಿ ಬದಲಿ ಮಾಡ್ಕೊಬಹುದಿತ್ತು, ಮಾಡ್ಕೊಂಡಿಲ್ಲ. ನಿಮ್ಮಿಬ್ಬರ ನಡುವ ನಾ ಕುಂತ್ರ ಇಬ್ಬರೂ ನನ್ನ ಕೂಡ ಮಾತಾಡ್ತೀರಿ.

ಗುರುಗಳ ತಯಾರಿ ಕೇಳಬ್ಯಾಡ. ನಿನ್ನ ಹಾಳಿ ಬಂದ ಮರುದಿನನ, ರವಿವಾರದ ದಾರಿ ನೋಡದ, ಒಯ್ದು ಕೊಟ್ಟಿದ್ದೆ. ನನ್ನ ಫೋನಿಂದ ಸೊನಾಟಾ ವಿಜಯಕ್ಕನ ಫೋನಿಗೆ ಹಾಕಿಸ್ಕೊಂಡಾರ. ದಿನಾ ಮುಂಜಾನೆ ಹಾಳಿ ಮುಂದಿಟ್ಕೊಂಡು ಕೈ ಎತ್ತೂದು, ಇಡೂದು. ಸ್ವರ ಓದಾಕ ಬರಂಗಿಲ್ಲ ಅವರಿಗೆ, ಬಣ್ಣದ ಗುರುತು ಒಂದ ನೋಡ್ತಾರ. ಅಕ್ಕ ಅಂತಾಳ, "ಚಹಾ ಕೊಡಾಕ ಹೋದ್ರ ಕೈ ಎತ್ತಿ ಸುಮ್ಮಿರು ಅಂತಾರ." ಅದಲ್ಲದ ಬಾಗಲಾ ಹಾಕ್ಕೊಂಡು ಬ್ಯಾರೆ ಏನೋ ಮಾಡಾಕತ್ಯಾರ, ಅದನ್ನ ನನಗೂ ಹೇಳಿಲ್ಲ.

ಒಂದು ತಿಳಕೊಂಡಿರು. ಕಪ್ಪು ಒಂದು ಬಿಟ್ಟು ಅವರ ತಂಬೂರಿ ಕೆಳಗಿಳಿದದ್ದು ನಾ ಒಮ್ಮಿನೂ ಕಂಡಿಲ್ಲ. ಇಂಡಿ ಊರಿಂದ ಬಂದ ಗವಾಯಿ ಒಬ್ಬರು ಸ್ವಲ್ಪ ಇಳಸ್ರಿ ಅಂದಿದ್ದಕ್ಕ, "ಇಳದ ಮನ್ಯಾಗ ಹಾಡ್ರಿ ಹಂಗಾದ್ರ" ಅಂದು ಕಳಿಸಿದ್ದು ನಿನಗೂ ಗೊತ್ತು. ಕೀಬೋರ್ಡ್ ಅದಕ್ಕ ಹೊಂದಿಸ್ಕೊಂಡು ಹೋಗು. ಅಪಸ್ವರ ಆದ್ರ ಮತ್ತ ಇಬ್ಬರೂ ಹಳೇದಕ್ಕ ಹೋಗ್ತೀರಿ, ನನಗ ಅದರದ ಅಂಜಿಕಿ.

ಭುವನಾ


ತಾಳಿಕೋಟಿ
3 ಫೆಬ್ರವರಿ 2025

ಭುವನಾ,

ನೀ ಬರಿಯೂ ಮೊದಲ ನಾ ಅದನ್ನ ಮಾಡಿಟ್ಟಿದ್ದೆ. ಬಟನ್ ಒತ್ತಿ ಕೀಬೋರ್ಡ್ ಕಪ್ಪು ಒಂದಕ್ಕ ಏರಿಸಿ ತಂದಿದ್ದೆ. ನನ್ನ ತಯಾರಿ ಅಂದದ್ದು ಅದ. ಕೃತಿ ಬರದ ಮನ್ಯಾಗ ಕೇಳಬೇಕು ಅಂತ ನಿನಗ ಬುದ್ಧಿ ಹೇಳಿದಾಂವ ನಾನ, ಗೊತ್ತೈತಿ.

ಬಾಗಲದಾಗ ಅಕ್ಕ ಅತ್ಳು. ಅಪ್ಪ ಜಮಖಾನಿ ಮ್ಯಾಲ ತಂಬೂರಿ ಹಿಡಕೊಂಡು ಕುಂತಿದ್ದ. "ಬಂದಿ?" ಅಂದ. ಬಂದೆ ಅಂದೆ. ಚಹಾ ಕುಡದ್ವಿ. ಬಸ್ಸಿನ್ಯಾಗ ಕೀಬೋರ್ಡ್ ಎಲ್ಲಿ ಇಟ್ಟಿದ್ದಿ ಅಂತ ಕೇಳಿದ, ಹಿಂದಿನ ಸೀಟಿನ ಮ್ಯಾಲ ಅಂದೆ. ಅಷ್ಟ ಮಾತು. "ಹೂಂ, ಹಚ್ಚು" ಅಂದು ಮೀಟಾಕ ಚಾಲೂ ಮಾಡಿದ.

ತಂಬೂರಿ ಕೇಳಿ ನಾ ಒಂದು ಸ್ವರ ಒತ್ತಿ ನೋಡಬೇಕಿತ್ತು. ನೋಡಲಿಲ್ಲ. ಕಪ್ಪು ಒಂದು ಅಂತ ನನಗ ಖಾತ್ರಿ ಇತ್ತು. ಎರಡೂ ಕೈ ಇಟ್ಟು ಶುರು ಮಾಡಿದ ಕೂಡ್ಲೆ ಅದ ಅಪಸ್ವರ. ಅವತ್ತು ಪಡಸಾಲಿಯೊಳಗ ಎದ್ದಿದ್ದ ಅದ ಅಪಸ್ವರ, ಒಂದು ಎಳಿ ಹೆಚ್ಚಿಲ್ಲ, ಕಮ್ಮಿಲ್ಲ. ನನ್ನ ಕೈ ತಾವ ಎದ್ವು. ಅಪ್ಪ ಮತ್ತ ಅದನ್ನ ಮಾಡಿದ ಅಂದ್ಕೊಂಡೆ. ಕೀಬೋರ್ಡಿನ ವೈರ್ ಕೀಳಾಕ ಬಗ್ಗಿದೆ. ಇನ್ನ ಬದುಕಿರೂತನಕ ಬರಬಾರದು ಅಂದ್ಕೊಂಡೆ.

"ಯಾಕಲೇ ನಿಲ್ಲಿಸಿದಿ?" ಅಂದ ಅಪ್ಪ. "ಬಿಳಿ ಒಂದಕ್ಕ ಇಳಿಸೇನಲ್ಲ."

ನಾ ಬಗ್ಗಿದಾಂವ ಹಂಗ ನಿಂತೆ. ಅಪ್ಪನ ಮಾರಿ ನೋಡಿದೆ. ಅವಗ ಖರೇನ ತಿಳೀವಲ್ದು. "ನಿನ್ನ ಹಾಡು ಬಿಳಿ ಒಂದು ಅಂತ ಭುವನಾ ಓದಿ ಹೇಳಿದ್ಲು. ವಾರದಿಂದ ತಂಬೂರಿ ಬಿರಡಿ ತಿರುವಿ ತಿರುವಿ ಹದಕ್ಕ ತಂದೇನಿ. ತಂತಿ ಸಡಲಾಗಿ ಗುಂಯ್ ಅನ್ನವಲ್ದಾಗಿತ್ತು, ಹೊಸಾ ತಂತಿ ಹಾಕಿಸೇನಿ" ಅಂದ.

"ಅಪ್ಪಾ, ನಾ ಕಪ್ಪು ಒಂದಕ್ಕ ಏರಿಸ್ಕೊಂಡು ಬಂದೇನಿ" ಅಂದೆ.

ಅಪ್ಪ ತಂಬೂರಿ ಕಡೆ ತಿರುಗಿದ. ನಾ ಬಟನ್ ಒತ್ತಿ ಬಿಳಿ ಒಂದಕ್ಕ ಇಳಿಸಿ, ಮಾರಿ ತೊಳಕೊಂಡು ಬರಾಕ ಹಿತ್ತಲಕ್ಕ ಹೋದೆ. ಬಂದು ಹೊಳ್ಳಿ ಶುರು ಮಾಡಿದ್ವಿ. ಮತ್ತ ಅಪಸ್ವರ. ನಾ ಹಿತ್ತಲದಾಗ ಇದ್ದ ಹೊತ್ತಿನ್ಯಾಗ ಅಂವ ಬಿರಡಿ ತಿರುವಿ ಕಪ್ಪು ಒಂದಕ್ಕ ಏರಿಸಿದ್ದ. ಈ ಸರ್ತಿ ನಾ ಬಿಳಿ, ಅಂವ ಕಪ್ಪು, ಥೇಟ್ ಅವತ್ತಿನಂಗ. ಅಡಗಿಮನಿಯಿಂದ ಅಕ್ಕ ಒದರಿದ್ಲು, "ಯಾರರೆ ಒಬ್ರು ಸುಮ್ಮ ಕುಂದರ್ರೆಪಾ." ಅಪ್ಪ ನಗಾಕ ಹತ್ತಿದ. ತಂಬೂರಿ ತೊಡಿ ಮ್ಯಾಲ ಇಟ್ಕೊಂಡು ಕಣ್ಣೀರು ಬರೂಮಟ ನಕ್ಕ. ನಾನೂ ನಕ್ಕೆ. ಅತ್ತೆ ಅಂದ್ರೂ ನಡೀತದ.

ಆಮ್ಯಾಲ ಅಂದ, "ನೀ ಇರು. ಹಾಡು ನಿಂದು, ನಾ ಇಳಿಸ್ತೇನಿ."

ಬಾರಿಸಿದೆ. ಎರಡನೇ ಧಾಟಿ ಬರೂ ಮುಂಚೆ ಕೈ ಎತ್ತಿದ. ತಂಬೂರಿ ನಿಂತ ಕೂಡ್ಲೆ ನನಗ ಒಂದು ಕ್ಷಣ ನೆಲಾ ಇಲ್ಲದಂಗಾತು. ಸಾ ಬಿಟ್ಟು ಹೋಗೂದನ್ನ ಅಪ್ಪನ ಮುಂದ ಕುಂತು ಮಾಡಿದ್ದು ಇದ ಮೊದಲು, ಮತ್ತ ಅಂವ ಬಿಟ್ಟುಕೊಟ್ಟ. ನಡುವಿನ ಭಾಗ ಮುಗಿಯೂತನಕ ಕೈ ಮೊಣಕಾಲ ಮ್ಯಾಲ ಇತ್ತು. ಮೊದಲನೇ ಧಾಟಿ ಮಧ್ಯಮಕ್ಕ ಬಂತು, ನನಗ ಅಂಜಿಕಿ ಇದ್ದದ್ದು ಅಲ್ಲೆ. ಅಪ್ಪ ಕಣ್ಣು ಮುಚ್ಚಿದ್ದ, ಹಾಳಿ ನೋಡ್ತಿದ್ದಿಲ್ಲ. ಕೈ ಕದಲಲಿಲ್ಲ. ತನ್ನಷ್ಟಕ್ಕ ತಾ "ಇನ್ನಾ ಇಲ್ಲ" ಅಂದ.

ನನ್ನ ಎಡಗೈ ಪಂಚಮಕ್ಕ ಬಂದು ನಿಂತಾಗ ಮೊದಲನೇ ತಂತಿ ಒಂದ ಮೀಟಿದ. ಎರಡನೇ ಧಾಟಿ ಇನ್ನೇನು ಬರಬೇಕು, ನಾ ಬರೂಕ್ಕಿಂತ ಒಂದು ಮಾತ್ರಿ ಮೊದಲ ಅಪ್ಪನ ಕೈ ಸಾ ತಂತಿ ಮ್ಯಾಲ ಬಿದ್ದಿತ್ತು. ಅದರ ಮುಂದ ನನಗ ಸ್ವರದ ಹಾಳಿ ಕಾಣಲಿಲ್ಲ. ಕೈಗೆ ಗೊತ್ತಿತ್ತು, ಅದ ಬಾರಿಸ್ತು.

ಅವತ್ತಿನ ಮಾತು ಅಂವ ತಗೀಲಿಲ್ಲ, ನಾನೂ ತಗೀಲಿಲ್ಲ. ಈ ಸೊನಾಟಾದ ಎರಡನೇ ಭಾಗ ಯಾವ ಸಾದಾಗ ಐತಿ ಅಂತ ಕೇಳಿದ. ಪರೀಕ್ಷಾದವ್ರು ಮೊದಲನೇ ಭಾಗ ಒಂದ ಕೊಟ್ಟಾರ, ಹುಡುಕಬೇಕು ಅಂದೆ. "ಹುಡಕು" ಅಂದ.

ನಿನ್ನೆ ಸಂಜಿ ಮುದ್ದೇಬಿಹಾಳಕ್ಕ ಬಸ್ ಇತ್ತು. ಹೋಗಲಿಲ್ಲ. ಇವತ್ತು ಮುಂಜಾನೆ ಪಾಠದ ಹುಡುಗ್ರು ಬಂದು ಕುಂತು, ದಿನದಂಗ ಕಪ್ಪು ಒಂದರ ಸಾ ಹಚ್ಚಿದ್ವು. ತಂಬೂರಿಗೆ ಹೊಂದವಲ್ದು. ಒಬ್ಬರ ಮಾರಿ ಒಬ್ಬರು ನೋಡಾಕ ಹತ್ತಿದ್ವು. ಅಪ್ಪ ಬಿರಡಿಗೆ ಕೈ ಹಚ್ಚಲಿಲ್ಲ. "ಈ ವಾರ ಇಲ್ಲೇ ಹಾಡ್ರಿ" ಅಂದ.

ಸಂಗಣ್ಣ